ಕೈಗುಣ

ಗುನರ್ಸೊ ಬಾಯಿ ತೆರೆದದ್ದು ಪಕ್ಕದ ಮನೆಯವಳ ಮುಂದೆ. ಹೆತ್ತ ತಾಯಿ ತುಮಿರಾ ಅಡಿಗೆಮನೆಯ ಹೊಸಿಲಲ್ಲಿ ನೀರಿನ ಲೋಟ ಹಿಡಿದು ನಿಂತೇ ಇದ್ದಳು.

"ಇದು ನನ್ನ ಬಿಪಿ ಮಾತ್ರೆ, ಅದು ನಿನ್ನ ಮಾತ್ರೆ," ಎಂದಳು ಪಕ್ಕದ ಮನೆಯ ಹನೀಫಾ, ಎರಡೂ ಅಂಗೈ ಚಾಚಿ. "ಇಬ್ರೂ ಒಟ್ಟಿಗೆ ನುಂಗೋಣ. ಯಾರು ಮುಖ ಕಿವುಚ್ತಾರೋ ಅವ್ರು ಸೋತಂಗೆ. ಬಿಸ್ಮಿಲ್ಲಾ."

ಗುನರ್ಸೊ ನುಂಗಿದ. ಮುಖ ಕಿವುಚಿದವಳು ಹನೀಫಾಳೇ. ಅವನು ನಕ್ಕುಬಿಟ್ಟ. ಆ ನಗುವನ್ನು ತುಮಿರಾ ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಲೋಟದ ನೀರನ್ನು ಅಂಗಳದ ಕೋಳಿಗಳ ಮೇಲೆ ಚೆಲ್ಲಿ ಒಳಗೆ ಹೋದಳು.

ಗುನರ್ಸೊನಿಗೆ ಮೂವತ್ತು ದಾಟಿತ್ತು. ಸುರಬಾಯ ನಗರದಲ್ಲಿ ಕೆಲಸಕ್ಕಿದ್ದವನು ಒಂದು ದಿನ ಬರಿಗಾಲಲ್ಲಿ ಊರಿಗೆ ಮರಳಿದ. ಗೋಡೆಯೊಳಗಿಂದ ಯಾರೋ ತನ್ನ ಹೆಸರು ಕೂಗುತ್ತಾರೆ ಎನ್ನತೊಡಗಿದ. ಆ ದನಿಯನ್ನು ಓಡಿಸಲೆಂದು ಒಂದು ಸಂಜೆ ಬೇಲಿಗೆ ಬೆಂಕಿ ಇಟ್ಟ. ಸುಟ್ಟದ್ದು ಹನೀಫಾಳ ಬೇಲಿ. ಅಂದಿನಿಂದ ಹಿತ್ತಿಲ ಕೋಣೆಗೆ ಹೊರಗಡೆಯ ಚಿಲಕ ಬಿತ್ತು. ಕಿಟಕಿಯ ಸಂದಿಯಲ್ಲಿ ಅನ್ನದ ತಟ್ಟೆ ತೂರಿಸಿದವಳು ತುಮಿರಾ, ತಟ್ಟೆ ಖಾಲಿಯಾಗಿ ಬರುವವರೆಗೆ ಕಾದವಳೂ ಅವಳೇ. ಯಾರು ಯಾವ ಮಾಂತ್ರಿಕನ ಹೆಸರು ಹೇಳಿದರೂ ಹೋದಳು. ಮಂತ್ರಿಸಿದ ನೀರು, ಬೂದಿ, ಬೇರಿನ ಕಷಾಯ, ಎಲ್ಲವನ್ನೂ ಸಾರಿನಲ್ಲೋ ಕಾಫಿಯಲ್ಲೋ ಬೆರೆಸಿ ಕೊಟ್ಟಳು. ಕ್ರಮೇಣ ಮಗ ತಾಯಿ ಕೊಟ್ಟದ್ದನ್ನೆಲ್ಲ ಮೊದಲು ಮೂಸತೊಡಗಿದ. ಅನುಮಾನ ಬಂದರೆ ಉಗಿಯುತ್ತಿದ್ದ.

ಹನೀಫಾ ಬಟ್ಟೆ ಹೊಲಿಯುವವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆರೋಗ್ಯ ಕೇಂದ್ರದ ಕಾರ್ಯಕರ್ತೆಯಾದ ಮೇಲೆ ಊರೆಲ್ಲ ಅವಳನ್ನು 'ಬು ಹನೀಫಾ', ಅಂದರೆ ಹನೀಫಾ ಅಮ್ಮ, ಎಂದು ಗೌರವದಿಂದ ಕರೆಯುತ್ತಿತ್ತು. ರಂಜಾನ್ ಹಬ್ಬ ಮುಗಿದ ವಾರ ನರ್ಸನ್ನೂ ಊರ ಯಜಮಾನನನ್ನೂ ಕರೆತಂದು ಚಿಲಕ ತೆಗೆಸಿದವಳು ಅವಳೇ. ಈಗ ದಿನವೂ ಬೆಳಿಗ್ಗೆ ಬಂದು ಮಾತ್ರೆ ಕೊಡುತ್ತಿದ್ದಳು. ಗುನರ್ಸೊ ಸ್ನಾನ ಮಾಡತೊಡಗಿದ, ಅಂಗಳ ಗುಡಿಸತೊಡಗಿದ. "ಅದು ಬು ಹನೀಫಾಳ ಕೈಗುಣ," ಎಂದಿತು ಊರು. ಔಷಧಿ ಯಾವುದಾದರೂ ಕೊಡುವ ಕೈ ಒಗ್ಗಬೇಕು ಎಂದು ಊರಿನವರೆಲ್ಲ ನಂಬಿದ್ದರು. ತುಮಿರಾಳೂ ನಂಬಿದ್ದಳು. ಅದಕ್ಕೇ ಆ ಮಾತು ಅವಳಿಗೆ ಮುಳ್ಳಿನಂತೆ ನಾಟಿತು.

ಮನೆಯ ಕಸುಬು ತೆಂಪೆ. ಸೋಯಾ ಕಾಳು ಬೇಯಿಸಿ, ಬುಟ್ಟಿಯಲ್ಲಿ ತುಳಿದು ಸಿಪ್ಪೆ ಬಿಡಿಸಿ, ಹುದುಗು ಬೆರೆಸಿ ಎಲೆಯಲ್ಲಿ ಕಟ್ಟಿಟ್ಟರೆ ಬೆಳ್ಳಗೆ ಹೆಪ್ಪುಗಟ್ಟುವ ಬಿಲ್ಲೆ. ಮಗಳು ವಾರ್ತಿನಿ ತುಳಿಯುತ್ತಿದ್ದಳು, ತುಮಿರಾ ಕಟ್ಟುತ್ತಿದ್ದಳು, ಅಳಿಯ ಜಮಾರಿ ಬೈಕಿಗೆ ಬುಟ್ಟಿ ಕಟ್ಟಿಕೊಂಡು ಸಂತೆಗೆ ಒಯ್ಯುತ್ತಿದ್ದ.

"ಇವತ್ತೂ ಮೊಟ್ಟೆ ಅವನಿಗೇನಾ ಅತ್ತೆ?" ಜಮಾರಿ ತನ್ನ ತಟ್ಟೆ ನೋಡಿ ಕೇಳಿದ.

"ಅವನಿಗೆ ಹುಷಾರಿಲ್ಲ."

"ನಂಗೂ ಬೆನ್ನು ನೋಯ್ತದೆ. ಬೆನ್ನಿಗೆ ಮೊಟ್ಟೆ ಇಲ್ವಾ?"

ವಾರ್ತಿನಿ ಬುಟ್ಟಿಯಲ್ಲಿ ನಿಂತೇ ನಕ್ಕಳು. "ಬೆನ್ನು ನೋಯ್ತದೆ ಅಂದ್ರೆ ಯಾರೂ ಮನೆಗೆ ಬರಲ್ಲ ಕಣ್ರೀ. ತಲೆ ಕೆಡ್ಬೇಕು. ಆಗ ನೋಡಿ, ನರ್ಸು, ಯಜಮಾನ್ರು, ಬು ಹನೀಫಾ, ಎಲ್ರೂ ಚಪ್ಪಲಿ ಬಿಟ್ಟು ಒಳಗೆ ಬರ್ತಾರೆ."

"ಆ ಹೆಸ್ರು ಈ ಅಡಿಗೆಮನೇಲಿ ಬೇಡ," ಎಂದಳು ತುಮಿರಾ.

"ಯಾಕವ್ವ? ಅವ್ರೇನು ಮಾಡಿದ್ರು ನಿಂಗೆ?"

"ಬೆಳಗಾದ್ರೆ ಮುಖಕ್ಕೆ ಪೌಡರ್ ಬಳ್ಕೊಂಡು ಬರ್ತಾಳೆ. ಹೆರಲಿಲ್ಲ, ಹಾಲೂಡಿಸ್ಲಿಲ್ಲ. ಬೆಳೆದ ಮಗ ಪುಕ್ಕಟೆ ಸಿಕ್ಕಿಬಿಟ್ಟ."

"ಪುಕ್ಕಟೆ ಎಲ್ಲಿ? ಒಂದು ಬೇಲಿ ಕೊಟ್ಟಿದಾರಲ್ಲ."

"ನೀನೂ ಅವಳ ಕಡೆ."

"ನಾನು ಕಾಳಿನ ಕಡೆ. ಕಾಲು ಮರಗಟ್ಟಿದೆ, ಬಿಸಿನೀರು ಹಾಕು."

ತುಮಿರಾ ನೀರು ಸುರಿದಳು. ವಾರ್ತಿನಿ ತುಳಿಯುತ್ತಲೇ, ಈಗ ನಗದೆ, ಹೇಳಿದಳು: "ನಂಗೆ ಟೈಫಾಯ್ಡ್ ಬಂದಾಗ ನೀನು ಅವನ ಕಿಟಕಿ ಹತ್ರ ಕೂತಿದ್ದೆ. ಗಂಜಿ ಕಾಸಿ ಕೊಟ್ಟಿದ್ದು ಬು ಹನೀಫಾ. ನಾನು ಯಾರಿಗೂ ಹೇಳಿಲ್ಲ. ಈಗ ಕೇಳ್ದೆ ಅಂತ ಹೇಳ್ದೆ."

"ನಾನೆಲ್ಲಿ ಕೇಳ್ದೆ?" ಎಂದು ತುಮಿರಾ ಎಲೆ ಹರಿದಳು.

ತಿಂಗಳಿಗೊಮ್ಮೆ ಊರಿನ ಸಭಾಮಂಟಪದಲ್ಲಿ ಮನಸ್ಸಿನ ಕಾಯಿಲೆಯವರಿರುವ ಇಂಥ ಮನೆಗಳವರು ಸೇರುತ್ತಿದ್ದರು. ನರ್ಸ್ ಬಂದು ಎಲ್ಲರ ನಾಡಿ, ನಿದ್ದೆ, ಊಟ ವಿಚಾರಿಸುತ್ತಿದ್ದಳು. ಕಾಯಿಲೆಯವರು ಹೊಲಿಗೆ ಅಂಗಡಿಯ ಬಟ್ಟೆ ಚೂರುಗಳಿಂದ ಕಾಲೊರಸು ನೇಯುತ್ತಿದ್ದರು. ಮೊದಲು ಔಷಧಿಗಾಗಿ ಪಟ್ಟಣದವರೆಗೆ ಹೋಗಬೇಕಿತ್ತು. ಮನೆಯವರೆಲ್ಲ ಕೂಡಿ ಕಚೇರಿಗೆ ಹೋಗಿ ಕೂತಿದ್ದರಿಂದ ನರ್ಸ್ ಇಲ್ಲಿಗೇ ಬರುವಂತಾಯಿತು. ಆ ತಿಂಗಳು ಯಜಮಾನ ಹಿರಿಯರನ್ನೂ ಕೂರಿಸಿ, ಈ ಕೂಟ ಮುಂದುವರಿಯಬೇಕೋ ಬೇಡವೋ ಹೇಳಿ ಎಂದ. ಯಾರೂ ಏಳಲಿಲ್ಲ. ಕೊನೆಗೆ ಎದ್ದವಳು ವಾರ್ತಿನಿ.

"ನಮ್ಮಣ್ಣನ ಹೆಸರು ಮನೆಯ ಕಾರ್ಡಲ್ಲೇ ಇರ್ಲಿಲ್ಲ. ನಾವೇ ಬರೆಸಿರ್ಲಿಲ್ಲ, ನಾಚಿಕೆ ಅಂತ. ಕಾರ್ಡಿಲ್ಲ ಅಂದ್ರೆ ಔಷಧಿ ಇಲ್ಲ. ಬು ಹನೀಫಾ ನನ್ನ ಕೈ ಹಿಡ್ಕೊಂಡು ಕಚೇರಿ ಮೆಟ್ಟಿಲು ಹತ್ತಿಸಿದ್ರು. ಅವ್ರು ಇಲ್ದಿದ್ರೆ ನಮ್ಮಣ್ಣ ಇವತ್ತೂ ಕತ್ತಲಲ್ಲಿ ಇರ್ತಿದ್ದ. ಚಿಲಕ ಹಾಕಿದವ್ರನ್ನ ಬೈಬೇಡಿ. ತೆಗೆಯೋಕೆ ಜೊತೆಗೆ ಬನ್ನಿ. ಅಷ್ಟೇ ಕೇಳೋದು."

ಜನ ಚಪ್ಪಾಳೆ ತಟ್ಟಿದರು. ಹನೀಫಾ ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡಳು. ಹಿಂದಿನ ಸಾಲಿನಲ್ಲಿ ತುಮಿರಾ ತಾನೇ ಕರಿದು ತಂದ ತೆಂಪೆಯ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಗಳ ಬಾಯಿಂದ 'ಅವ್ವ' ಎಂಬ ಮಾತು ಈಗ ಬಂದೀತು, ಆಗ ಬಂದೀತು ಎಂದು ಕಾದಳು. ಬರಲಿಲ್ಲ. ತಟ್ಟೆ ಕೈಯಿಂದ ಕೈಗೆ ಹೋಯಿತು. ತೆಂಪೆ ಮುಗಿಯಿತು. ಯಾರು ತಂದದ್ದೆಂದು ಯಾರೂ ಕೇಳಲಿಲ್ಲ.

ಗುನರ್ಸೊ ಆ ದಿನ ತನ್ನ ಮೊದಲ ಕಾಲೊರಸು ಮುಗಿಸಿದ್ದ. ಕೆಂಪು, ಹಸಿರು, ನಡುವೆ ಒಂದು ಹಳದಿ ಪಟ್ಟಿ. ತುಮಿರಾ ಮನೆಗೆ ಬಂದು ಹಳೆಯ ಗೋಣಿತಾಟನ್ನು ಹೊಸಿಲಿಂದ ತೆಗೆದು, ಜಾಗ ಒರೆಸಿ ಇಟ್ಟಳು. ಮಗ ಬರಿಗೈಯಲ್ಲಿ ಬಂದ.

ಮರುದಿನ ತೆಂಪೆ ಕೊಡುವ ನೆಪದಲ್ಲಿ ಹನೀಫಾಳ ಮನೆಗೆ ಹೋದಳು. ಕಾಲೊರಸು ಅಲ್ಲಿ ಹೊಸಿಲ ಮೇಲಿತ್ತು.

"ಬನ್ನಿ ಬು ತುಮಿರಾ, ಒಳಗೆ ಬನ್ನಿ. ನಿಮ್ಮ ಮಗಂದೇ ಕೈ, ನೋಡಿ ಎಷ್ಟು ಬಿಗಿಯಾಗಿದೆ."

"ನನ್ನ ಮಗ ನೇಯ್ದದ್ದನ್ನ ನಾನು ತುಳಿಯಲ್ಲ," ಎಂದು ತುಮಿರಾ ಉಟ್ಟ ಬಟ್ಟೆ ಎತ್ತಿ ದಾಟಿದಳು.

"ನಾನೂ ತುಳಿಯಲ್ಲ. ಬಂದವ್ರು ನೋಡ್ಲಿ ಅಂತ ಹಾಕಿದೀನಿ."

ಆ ಮಾತಿಗೆ ತುಮಿರಾಳ ಹೊಟ್ಟೆಗೆ ಇನ್ನಷ್ಟು ಉರಿ ಬಿತ್ತು. "ನಿಮಗೇನು ಬು ಹನೀಫಾ, ನಿಮಗೆ ಎಲ್ಲ ಸಿಕ್ತದೆ," ಎಂದು ತೆಂಪೆ ಮೇಜಿನ ಮೇಲಿಟ್ಟು, ಕೂರದೆ ಬಂದುಬಿಟ್ಟಳು.

ಅದಾದ ಸ್ವಲ್ಪ ದಿನಕ್ಕೆ ಹನೀಫಾ ಅಕ್ಕನ ಮಗಳ ಮದುವೆಗೆಂದು ಬ್ಲಿತಾರ್‌ಗೆ ಹೊರಟಳು. ಮಾತ್ರೆಯ ಪಟ್ಟಿಯನ್ನು ವಾರ್ತಿನಿಗೆ ಕೊಟ್ಟು, "ಬೆಳಿಗ್ಗೆ ಒಂದು. ಅಷ್ಟೇ. ಇನ್ನೊಂದು ಪಟ್ಟಿ ಮಳೆಗಾಲಕ್ಕೆ, ರಸ್ತೆ ಕಟ್ಟಾದ್ರೆ ಅಂತ ನರ್ಸ್ ಕೊಟ್ಟಿದಾರೆ, ಎತ್ತಿಡಮ್ಮ," ಎಂದಳು.

"ನನ್ನ ಕೈಗೆ ಕೊಡ್ಬೋದಿತ್ತು," ಎಂದಳು ತುಮಿರಾ, ಅವಳು ಹೋದ ಮೇಲೆ.

"ನೀನು ಕೊಟ್ರೆ ಉಗೀತಾನೆ ಅವ್ವ."

ವಾರ್ತಿನಿ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಇದ್ದದ್ದನ್ನೇ ಹೇಳಿದ್ದಳು. ಆ ದಿನ ಮಧ್ಯಾಹ್ನದ ಮೇಲೆ, ಅಸರ್ ಬಾಂಗ್ ಕೂಗಿದಾಗ, ಮಗಳು ಪ್ರಾರ್ಥನೆಗೆ ಕೈಕಾಲು ತೊಳೆಯಲು ಹೋಗಿದ್ದಳು. ತುಮಿರಾ ಮಳೆಗಾಲದ ಪಟ್ಟಿಯಿಂದ ಒಂದು ಮಾತ್ರೆ ಬಿಡಿಸಿ, ಬೆಲ್ಲದ ಜೊತೆ ಅರೆದು ಕಾಫಿಗೆ ಬೆರೆಸಿದಳು. ಬೆಳಗಿನದು ಮಗಳ ಕೈಯಿಂದ ಹೋಗಿತ್ತು ನಿಜ. ಆದರೆ ಹೆತ್ತವಳ ಕೈಯಿಂದ ಹೋದದ್ದೇ ಅಲ್ಲವೆ ಮೈಗೆ ಹತ್ತುವುದು? ಮೂರು ಸಲ ಬಿಸ್ಮಿಲ್ಲಾ ಹೇಳಿ ಲೋಟ ಮಗನ ಮುಂದಿಟ್ಟಳು.

ಗುನರ್ಸೊ ಮೂಸಿದ. ತಲೆ ಎತ್ತಿ ತಾಯಿಯನ್ನು ನೋಡಿದ. ಆಮೇಲೆ ಗಸಿಯವರೆಗೆ ಕುಡಿದು ಲೋಟ ಮರಳಿ ಕೊಟ್ಟ.

ತುಮಿರಾ ಲೋಟ ತೊಳೆಯುತ್ತ, ತಾನು ಹುಡುಗಿಯಾಗಿದ್ದಾಗ ಅಜ್ಜ ಹಾಡಿಕೊಳ್ಳುತ್ತಿದ್ದ ಪದದ ಸಾಲೊಂದನ್ನು ಗುನುಗಿದಳು. "ಏನವ್ವ ಇವತ್ತು, ಹಾಡು?" ಎಂದು ವಾರ್ತಿನಿ ಕೇಳಿದರೆ "ಹಾಡಬಾರ್ದಾ?" ಎಂದಳು.

ಹನೀಫಾ ಮದುವೆ ಮುಗಿಸಿ ಬಂದಳು. ಬೆಳಿಗ್ಗೆಯ ಮಾತ್ರೆ, ನಗು, ಬಿಪಿಯ ಆಟ ಮತ್ತೆ ಶುರುವಾಯಿತು. ತುಮಿರಾಳ ಕಾಫಿಯೂ ನಿಲ್ಲಲಿಲ್ಲ. ಮೊದಮೊದಲು ಗುನರ್ಸೊ ಚೆನ್ನಾಗಿ ನಿದ್ದೆ ಮಾಡಿದ. ಬರಬರುತ್ತ ಹೆಜ್ಜೆ ಎಳೆಯತೊಡಗಿದ, ಬಾಯಂಚಿನಲ್ಲಿ ಜೊಲ್ಲು ಇಳಿಯುತ್ತಿತ್ತು. ಕಾಲೊರಸಿನ ಗಂಟು ಹಾಕಲು ಬೆರಳು ಬಗ್ಗಲಿಲ್ಲ.

"ಯಾಕೋ ತುಂಬ ನಿಧಾನ ಆಗಿದಾನೆ. ನರ್ಸ್‌ಗೆ ಹೇಳ್ಬೇಕು," ಎಂದಳು ಹನೀಫಾ.

"ಶಾಂತವಾಗಿದಾನೆ. ಅದೂ ಸಹಿಸೋಕಾಗಲ್ವಾ ನಿಮಗೆ?" ಎಂದಳು ತುಮಿರಾ.

ಸಂತೆಯ ದಿನ ಬೆಳಿಗ್ಗೆ ಗುನರ್ಸೊ ಕಾಳು ತುಳಿಯಲು ತಾನೇ ಬುಟ್ಟಿಗೆ ಇಳಿದ. ನಾಲ್ಕು ಸಲ ತುಳಿದವನು ದೊಪ್ಪನೆ ಬಿದ್ದ. ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡಿತ್ತು. ದವಡೆ ಬಿಗಿದಿತ್ತು. ಕಣ್ಣುಗುಡ್ಡೆ ಮೇಲೇರಿ ನಿಂತಿತ್ತು. ವಾರ್ತಿನಿ ಕಿರುಚಿದಳು. ಅಕ್ಕಪಕ್ಕದವರು ಓಡಿ ಬಂದರು.

"ಮತ್ತೆ ಹಿಡ್ಕೊಂಡಿದೆ," ಎಂದರು ಯಾರೋ.

"ಏನೂ ಹಿಡ್ಕೊಂಡಿಲ್ಲ, ಮಾತ್ರೆ ಹಾಕಿ ಹಾಕಿ ಕೊಂದ್ಲು ಅವಳು!" ಜಮಾರಿ ಕೂಗಿದ. "ಬೇಡ ಬೇಡ ಅಂದೆ. ನನ್ನ ಮಾತು ಈ ಮನೇಲಿ ಯಾವತ್ತು ನಡೆದಿದೆ?"

ಹನೀಫಾ ಕೊರಳಲ್ಲಿ ಅಳತೆ ಟೇಪು ಹಾಗೇ ಹಾಕಿಕೊಂಡು ಓಡಿ ಬಂದಳು. ನರ್ಸ್‌ಗೆ ಫೋನ್ ಮಾಡಿ, ಗುನರ್ಸೊನನ್ನು ಚಾಪೆಯ ಮೇಲೆ ಮಗ್ಗುಲಾಗಿ ಮಲಗಿಸಿದಳು. ಎಲ್ಲರೂ ಗೌರವದಿಂದ 'ಪಾಕ್' ಎನ್ನುವ ಬೀದಿಯ ಮುಖಂಡ ದರ್ಸೊನೊ ಕೇಳಿದ: "ಎಷ್ಟು ಮಾತ್ರೆ ಕೊಟ್ರಿ ಬು?"

"ಒಂದೇ. ಒಂದೇ ಅನ್ಸತ್ತೆ."

"ಅನ್ಸತ್ತಾ?"

"ಒಂದೇ ಕೊಟ್ಟಿದ್ದು..." ಹನೀಫಾಳ ದನಿ ಇಳಿಯಿತು. "ನರ್ಸೂ ಫೋನಲ್ಲಿ ಅದನ್ನೇ ಕೇಳಿದ್ರು, ಜಾಸ್ತಿ ಹೋಗಿದೆಯಾ ಅಂತ. ನಂಗೂ ವಯಸ್ಸಾಯ್ತು. ಹೊಲಿಗೆ ಗಲಾಟೇಲಿ ಎರಡು ಸಲ ಬಂದು ಕೊಟ್ನೋ ಏನೋ. ನಂದೇ ತಪ್ಪಿರ್ಬೇಕು. ಈ ಕೆಲಸಕ್ಕೆ ಬೇರೆಯವ್ರನ್ನ ಹಾಕ್ಲಿ."

ತುಮಿರಾ ಒಲೆಯ ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು. ಹನೀಫಾಳ ಮುಖ ಕುಗ್ಗುವುದನ್ನು ನೋಡುವಾಗ, ಮಗ ನೆಲದಲ್ಲಿ ಬಿದ್ದಿದ್ದರೂ, ಅವಳ ಹೊಟ್ಟೆ ಒಂದು ಗಳಿಗೆ ತಣ್ಣಗಾಯಿತು.

"ಸದ್ಯಕ್ಕೆ ಕೋಣೇಲಿ ಇರ್ಲಿ. ಚಿಲಕ ಹಾಕಿ," ಎಂದ ಪಾಕ್ ದರ್ಸೊನೊ. "ಮಕ್ಕಳುಮರಿ ಓಡಾಡೋ ಬೀದಿ. ಕೂಟ, ಮಾತ್ರೆ ಎಲ್ಲ ಆಮೇಲೆ ನೋಡೋಣ."

"ಪಾಕ್, ನಾನು ಸಭೇಲಿ ಎದ್ದು ಏನು ಹೇಳ್ದೆ..." ಎಂದು ವಾರ್ತಿನಿ ಶುರುಮಾಡಿದಳು. ಹನೀಫಾಳ ಕಡೆ ತಿರುಗಿ, "ಎರಡು ಸಲ ಬಂದ್ರಾ ಬು? ನೆನಪು ಮಾಡ್ಕೊಳ್ಳಿ," ಎಂದಳು. ಹನೀಫಾ ತಲೆ ತಗ್ಗಿಸಿದಳು.

ಜಮಾರಿ ಸುತ್ತಿಗೆ ತಂದ. ಹಿತ್ತಿಲಲ್ಲಿ ಮೊಳೆ ಹೊಡೆಯುವ ಸದ್ದು ಕೇಳಿಸಿತು. ಮೊದಲ ಏಟಿಗೇ ಗುನರ್ಸೊನ ಕಾಲುಗಳು ಚಾಪೆಯ ಮೇಲೆ ಬಡಿದಾಡಿದವು. ಕುತ್ತಿಗೆ ತಿರುಗದು, ಬಾಯಿ ಬಿಡದು. ಮೊಣಕೈ ಊರಿ, ಕೋಣೆಯಿಂದ ದೂರ, ಬೀದಿ ಬಾಗಿಲ ಕಡೆಗೆ ತೆವಳತೊಡಗಿದ. ಅವನ ಪಂಚೆ ಒದ್ದೆಯಾಯಿತು.

"ನಿಲ್ಸೋ ಜಮಾರಿ!"

ತುಮಿರಾ ಕೂಗಿದ ರಭಸಕ್ಕೆ ಕೋಳಿಗಳೂ ಹಾರಿದವು.

"ಅತ್ತೆ, ಪಾಕ್ ಹೇಳಿದಾರೆ..."

"ನಾನು ಕೊಟ್ಟೆ. ಕಾಫೀಲಿ. ದಿನಾ ಕೊಟ್ಟೆ."

ವಾರ್ತಿನಿ ಎತ್ತಿಟ್ಟಿದ್ದ ಪಟ್ಟಿ ತಂದು ನೋಡಿದಳು. ಮಾತ್ರೆಯ ಗುಳಿಗಳೆಲ್ಲ ಒಡೆದಿದ್ದವು.

"ಯಾವಾಗಿಂದ?"

"ಇವ್ರು ಮದ್ವೆಗೆ ಹೋದಾಗಿಂದ."

"ಯಾಕವ್ವ? ಯಾಕೆ ಮಾಡ್ದೆ ಹಿಂಗೆ?"

"ಅವಳು ಕೊಟ್ರೆ ನಗ್ತಾನೆ," ಎಂದಳು ತುಮಿರಾ.

ನರ್ಸ್ ಬಂದು ತೋಳಿಗೆ ಇಂಜೆಕ್ಷನ್ ಕೊಟ್ಟಳು. ಮಾತ್ರೆ ಮಿತಿಮೀರಿದ್ದಕ್ಕೆ ಮೈ ಸೆಟೆದಿದೆ, ಸರಿಹೋಗುತ್ತದೆ ಎಂದಳು. ಜನ ಒಬ್ಬೊಬ್ಬರಾಗಿ ಚದುರಿದರು. ಪಾಕ್ ದರ್ಸೊನೊ ಹೋಗುವಾಗ ಅರ್ಧ ಹೊಡೆದ ಮೊಳೆಯನ್ನು ತಾನೇ ಕಿತ್ತು ಜಮಾರಿಯ ಕೈಗಿಟ್ಟ. ಹನೀಫಾ ಹೋಗಲಿಲ್ಲ. ಗೋಡೆಗೊರಗಿ ಕೂತು, ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ನಂಗೇ ಅರಳುಮರಳು ಅಂದ್ಕೊಂಡೆ," ಎಂದಳು ಕೊನೆಗೆ. "ಊರ ಮುಂದೆ ನನ್ನ ಬಾಯಿಂದಲೇ ಹೇಳಿಸಿದ್ರಿ. ನೋಡ್ತಾ ನಿಂತಿದ್ರಿ."

"ನಿಂತಿದ್ದೆ."

"ಚೆನ್ನಾಗಿತ್ತಾ?"

"ಒಂದು ಗಳಿಗೆ ಚೆನ್ನಾಗಿತ್ತು."

ಹನೀಫಾ ಅವಳನ್ನೇ ನೋಡಿದಳು. "ನಿಮ್ಮನೆ ಕಾಫಿ ವಾಸನೆ ದಿನಾ ಸಾಯಂಕಾಲ ನಮ್ಮನೆವರೆಗೆ ಬರ್ತಿತ್ತು. ನಾನು ಹೊಲಿಗೆ ಮೆಷಿನ್ ಜೋರಾಗಿ ತುಳೀತಿದ್ದೆ. ನಂಗೆ ಯಾರಿದಾರೆ ಕಾಸಿಕೊಡೋಕೆ, ನಾನು ಯಾರಿಗೆ ಕಾಸಿಕೊಡ್ಲಿ ಅಂತ. ನೀವೊಬ್ರೇ ಉರ್ಕೊಂಡಿದ್ದು ಅಂತ ತಿಳ್ಕೋಬೇಡಿ."

ಅಷ್ಟು ಹೊತ್ತಿಗೆ ಗುನರ್ಸೊನ ಕುತ್ತಿಗೆ ಸಡಿಲಾಗಿತ್ತು. ನಾಲಿಗೆ ಇನ್ನೂ ದಪ್ಪ. ತಾಯಿ ಬಾಯಿ ಒರೆಸಲು ಬಗ್ಗಿದಾಗ ಅವನು ಹೇಳಿದ: "ಗೊತ್ತಿತ್ತು."

"ಏನು ಗೊತ್ತಿತ್ತು?"

"ಕಾಫೀಲಿ ಇದೆ ಅಂತ. ಕಹಿ."

"ಮತ್ಯಾಕೋ ಕುಡ್ದೆ?" ತುಮಿರಾ ಅವನ ಭುಜ ಹಿಡಿದು ಅಲುಗಿಸಿದಳು. "ಯಾವಾಗ್ಲೂ ಉಗೀತಿದ್ದೆಯಲ್ಲ, ಯಾಕೋ ಕುಡ್ದೆ?"

"ನೀನು ನೋಡ್ತಾ ನಿಂತಿದ್ದೆ," ಎಂದ ಅವನು.

ಮೂರು ದಿನ ಮಾತ್ರೆ ಬೇಡ ಎಂದಿದ್ದ ನರ್ಸ್ ಮತ್ತೆ ಬಂದಳು. ಹೊಸ ಪಟ್ಟಿಯನ್ನು ಚಾಪೆಯ ಮೇಲಿಟ್ಟಳು. ತುಮಿರಾ ಒಂದು ಕಡೆ, ಹನೀಫಾ ಒಂದು ಕಡೆ. ಇಬ್ಬರ ಕೈಯೂ ಮಡಿಲಲ್ಲಿ.

"ಇದು ನಿನ್ನ ಮೈ, ಗುನರ್ಸೊ. ಯಾರು ಕೊಡ್ಬೇಕು ನೀನೇ ಹೇಳು," ಎಂದಳು ನರ್ಸ್.

ಗುನರ್ಸೊ ತಾಯಿಯನ್ನು ನೋಡಲಿಲ್ಲ, ಹನೀಫಾಳನ್ನೂ ನೋಡಲಿಲ್ಲ.

"ಜಮಾರಿ."

ಅಂಗಳದಲ್ಲಿ ಬೈಕಿನ ಸರಪಳಿಗೆ ಎಣ್ಣೆ ಬಿಡುತ್ತಿದ್ದ ಜಮಾರಿ ತಲೆ ಎತ್ತಿದ. "ನಾನಾ? ನಾನು ಮೊಳೆ ಹೊಡೆಯೋಕೆ ಹೋದವ್ನು!"

"ಅವ್ನು ನನ್ನ ಮುಖ ನೋಡಲ್ಲ," ಎಂದ ಗುನರ್ಸೊ ನರ್ಸ್‌ಗೆ. "ಇವ್ರಿಬ್ರೂ ತುಂಬ ನೋಡ್ತಾರೆ."

ವಾರ್ತಿನಿ ಬಾಯಿಗೆ ತಲೆವಸ್ತ್ರದ ಅಂಚು ಅಡ್ಡ ಹಿಡಿದಳು. ನಗುವೋ ಅಳುವೋ ತಿಳಿಯಲಿಲ್ಲ.

ಅಂದಿನಿಂದ ಬೆಳಗಿನ ಹೊತ್ತು ಜಮಾರಿ ತೆಂಪೆ ಬುಟ್ಟಿ ಕಟ್ಟುತ್ತ, "ಲೋ ಭಾವ, ಬಾ," ಎನ್ನುತ್ತಾನೆ. ಜೇಬಿನಿಂದ ಮಾತ್ರೆ ತೆಗೆದು ಕೊಟ್ಟು ಚಕ್ರದ ಗಾಳಿ ಒತ್ತಿ ನೋಡುತ್ತಾನೆ. ಗುನರ್ಸೊ ನುಂಗುತ್ತಾನೆ. ಹಗ್ಗದ ಇನ್ನೊಂದು ತುದಿ ಹಿಡಿಯುತ್ತಾನೆ. ಅಷ್ಟೇ ಅವರ ವ್ಯವಹಾರ. ಮೊಟ್ಟೆ ಈಗ ಜಮಾರಿಯ ತಟ್ಟೆಗೂ ಬೀಳುತ್ತದೆ. ಅವನು ಅದರ ಬಗ್ಗೆ ಏನೂ ಹೇಳದೆ ತಿನ್ನುತ್ತಾನೆ.

ಎರಡು ಮನೆಗಳ ನಡುವಿನ ತಂತಿಯಲ್ಲಿ ಬಟ್ಟೆ ಹರವುತ್ತ ತುಮಿರಾ ಒಂದು ದಿನ ಹೇಳಿದಳು: "ನೋಡು ಹನೀಫಾ, ಮಾತ್ರೆಗೆ ನೀರು ಕೂಡ ಕೊಡಲ್ಲ ಜಮಾರಿ."

ತುಮಿರಾ 'ಬು' ಬಿಟ್ಟು ಕರೆದದ್ದು ಅದೇ ಮೊದಲು. ಹನೀಫಾ ಒದ್ದೆ ಬಟ್ಟೆ ಕೊಡವಿದಳು. "ಕೋಳಿಗೆ ಕಾಳು ಹಾಕ್ದಂಗೆ ಹಾಕ್ತಾನೆ. ಬಿಸ್ಮಿಲ್ಲಾನೂ ಅನ್ನಲ್ಲ."

"ಇವ್ನು ಅದನ್ನೇ ಹಬ್ಬದೂಟ ಅನ್ನೋ ಹಂಗೆ ತಗೋತಾನೆ."

"ಏನ್ ಕೈಗುಣವೋ ಅದು. ಎಣ್ಣೆ ಮೆತ್ತಿದ ಕೈ."

ಅಂಗಳದಲ್ಲಿ ಜಮಾರಿ ಏನೋ ಹೇಳಿದ. ಗುನರ್ಸೊ ನಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನ್ ಹೇಳ್ದ?" ತುಮಿರಾ ಕೇಳಿದಳು.

"ಕೇಳಿಸ್ಲಿಲ್ಲ."

"ನಿಂಗೂ ಕೇಳಿಸ್ಲಿಲ್ವಾ?"

ಇಬ್ಬರೂ ಒದ್ದೆ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಕತ್ತು ಚಾಚಿದರು. ಗುನರ್ಸೊ ಬುಟ್ಟಿಗಳ ನಡುವೆ ಕಾಲು ತೂರಿಸಿ ಬೈಕಿನ ಹಿಂದೆ ಹತ್ತುತ್ತಿದ್ದ. ಅವನು ಸಂತೆ ಕಂಡು ಎಷ್ಟು ವರ್ಷವಾಗಿತ್ತೋ. ತುಮಿರಾ "ಗಟ್ಟಿಯಾಗಿ ಹಿಡ್ಕೋ" ಎಂದು ಕೂಗಲು ಬಾಯಿ ತೆರೆದಳು. ಅವನು ಆಗಲೇ ಜಮಾರಿಯ ಸೊಂಟವನ್ನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದ.